ಮೀನಿನ ಪೆಟ್ಟಿಗೆಗೆ ಮಾವ ಮಾಡಿದ ಮುಚ್ಚಳ

ಪಕ್ಕದ ಮನೆಯವರು ಬಾಗಿಲುಗಳಿಗೆ ವಾರ್ನಿಷ್ ಹೊಡೆಸುತ್ತಿದ್ದಾರೆ. ಬೆಳಗಿನಿಂದ ಆ ವಾಸನೆ ನಮ್ಮ ಅಡುಗೆಮನೆಗೂ ನುಗ್ಗಿ ಒಗ್ಗರಣೆಯ ಇಂಗನ್ನೇ ಸೋಲಿಸಿಬಿಟ್ಟಿದೆ. ನಿಮಗಾದರೆ ತಲೆನೋವು ಬರಬಹುದು. ನನಗೆ ಮಾತ್ರ ಅರಸೀಕೆರೆಯ ಸ್ಟೇಷನ್ ಹಿಂದಿನ ನಮ್ಮ ಹಳೆಯ ಬಾಡಿಗೆ ಮನೆ ನೆನಪಾಗುತ್ತದೆ. ಅದರ ನಡುಕೋಣೆಯ ಮಂಚ, ಆ ಮಂಚದ ಮೇಲೆ ಹಗಲೂ ರಾತ್ರಿ ಮಲಗಿಯೇ ಇರುತ್ತಿದ್ದ ನಾನು. ಸೋಮಾರಿತನದಿಂದ ಮಲಗಿದ್ದಲ್ಲ. ಆ ವಿದ್ಯೆಯೂ ನನಗೆ ಚೆನ್ನಾಗಿ ಬರುತ್ತದೆ, ಆದರೆ ಆಗ ಮಲಗಿದ್ದು ಡಾಕ್ಟರ ಅಪ್ಪಣೆಯಿಂದ.

ತೊಂಬತ್ತರ ದಶಕದ ಕೊನೆಯ ಮಾತಿದು. ಅದಕ್ಕೆ ಮೊದಲು ಎರಡು ಸಲ ಬಸಿರಾಗಿ ಎರಡು ಸಲವೂ ಉಳಿದಿರಲಿಲ್ಲ. ಈ ಸಲ ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಕೂಡದು ಎಂದರು. ಹೇಳುವುದು ಸುಲಭ. ಹಳೇಬೀಡಿನಲ್ಲಿದ್ದ ನನ್ನ ತಾಯಿ ನನ್ನ ಮದುವೆಗೆ ಮೊದಲೇ ತೀರಿಹೋಗಿದ್ದರು. ಅತ್ತೆಯನ್ನು ನಾನು ಕಂಡದ್ದು ಫೋಟೋದಲ್ಲಿ ಮಾತ್ರ. ನಮ್ಮವರು ಬೆಳಗಿನ ಗಾಡಿಗೆ ಹಾಸನದ ಆಫೀಸಿಗೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನನ್ನ ಮಾವ.

ಮಾವ ಕಣಕಟ್ಟೆಯ ಕಡೆಯವರು; ರೈಲ್ವೆಯಲ್ಲಿ ಸಿಗ್ನಲ್ ದೀಪಗಳ ವೈರಿಂಗ್ ಕೆಲಸ ಮಾಡಿ ನಿವೃತ್ತರಾದವರು. ಸೊಸೆಯೊಂದಿಗೆ ನೇರವಾಗಿ ಮಾತಾಡುವ ರೂಢಿ ಅವರಿಗಿರಲಿಲ್ಲ. ನನಗೆ ಹೇಳಬೇಕಾದ್ದನ್ನು ಗೋಡೆಯ ಗಡಿಯಾರಕ್ಕೆ ಹೇಳುತ್ತಿದ್ದರು. "ಮುದ್ದೆ ಆಯ್ತು" ಎಂದು ಗಡಿಯಾರಕ್ಕೆ ತಿಳಿಸಿ, ತಟ್ಟೆಯನ್ನು ನನ್ನ ಪಕ್ಕದ ಸ್ಟೂಲಿನ ಮೇಲಿಟ್ಟು ಹೋಗುವರು. ಮುದ್ದೆಯ ತುಂಬ ಗಂಟು. ನಾನು ಗಂಟುಗಳ ಸಮೇತ ನುಂಗುತ್ತಿದ್ದೆ. ಅರವತ್ತು ದಾಟಿದ ಮೇಲೆ ಒಲೆಯ ಮುಂದೆ ನಿಂತು ಕಲಿತವರ ಮುದ್ದೆ ಅದು. ಹೆಸರಿಡಲು ಬಾಯಿ ಬರುತ್ತದೆಯೇ?

ನನಗೆ ಹೊತ್ತು ಹೋಗಲೆಂದು ನಮ್ಮವರು, ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯ ಮನೆಯಿಂದ ಒಂದು ಮೀನಿನ ಪೆಟ್ಟಿಗೆ ತಂದು ಮಂಚದ ಎದುರಿಗಿಟ್ಟರು. ಅಕ್ವೇರಿಯಂ ಎಂದು ಕರೆಯುವಷ್ಟು ಠೀವಿ ಅದಕ್ಕಿರಲಿಲ್ಲ. ಬರೀ ಗಾಜು. ಮೇಲೆ ಮುಚ್ಚಳವಿಲ್ಲ, ದೀಪವಿಲ್ಲ. ಆ ಕೋಣೆಯ ಮಬ್ಬಿನಲ್ಲಿ ಮೀನುಗಳನ್ನು ಹುಡುಕುವುದೇ ನನ್ನ ದಿನದ ಉದ್ಯೋಗವಾಯಿತು. ಕಿತ್ತಳೆ ಬಣ್ಣದ ಒಂದು ಮೀನು ಮರಿ ಹಾಕುವುದರಲ್ಲಿತ್ತು, ಹೊಟ್ಟೆ ಉಬ್ಬಿತ್ತು. ನನಗೆ ಅದರ ಮೇಲೆ ವಿಶೇಷ ಮಮತೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲವಲ್ಲ.

ಒಂದು ಬೆಳಗ್ಗೆ ಅದು ಚಂಗನೆ ಹಾರಿ ನೆಲಕ್ಕೆ ಬಿತ್ತು. ಕಣ್ಣೆದುರೇ ಒದ್ದಾಡುತ್ತಿದೆ, ನಾನು ಏಳುವಂತಿಲ್ಲ. "ಮಾವಾ!" ಎಂದು ಕಿರುಚಿದೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಕೊಳಾಯಿಯ ಹತ್ತಿರ ಬಿಂದಿಗೆ ಬಿಟ್ಟು ಓಡಿಬಂದ ಮಾವ ಮೀನನ್ನು ಬೊಗಸೆಯಲ್ಲೆತ್ತಿ ನೀರಿಗೆ ಬಿಟ್ಟರು. ಅದು ಅಡ್ಡಡ್ಡ ತೇಲುತ್ತ ಮಧ್ಯಾಹ್ನಕ್ಕೆ ಸತ್ತುಹೋಯಿತು.

"ಇದೂ ಉಳಿಯಲ್ಲ" ಎಂದು ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಯಾವುದು ಎಂದು ಮಾವ ಕೇಳಲಿಲ್ಲ. ಗಡಿಯಾರವನ್ನೂ ನೋಡಲಿಲ್ಲ. "ಅಂಗನ್ಬೇಡ ಕಣವ್ವ" ಎಂದು ನನಗೇ ಹೇಳಿದರು.

ಮಾರನೆಯ ದಿನ, ಪೆಟ್ಟಿಗೆಗೊಂದು ಮುಚ್ಚಳ ಮಾಡಲೆಂದು, ಅಟ್ಟದ ಮೇಲಿನ ಹಳೆಯ ಕಿಟಕಿಯ ತೇಗದ ಹಲಗೆಗಳು ಕೆಳಗಿಳಿದವು. ಹಿತ್ತಿಲ ಬಾಗಿಲಿನಲ್ಲಿ ಗರಗಸದ ಸದ್ದು ಶುರುವಾಯಿತು. ಪಕ್ಕದ ಮನೆಯಾಕೆ ಇಣುಕಿ, "ಮಾಲೇಕಲ್ಲು ದೇವ್ರಿಗೆ ಹರಕೆ ಹೊತ್ಕೊಳಿ ಯಜಮಾನ್ರೇ, ಮರ ಕುಯ್ದ್ರೆ ಏನ್ ಬಂತು?" ಎಂದರು.

"ಹರಕೆನೂ ಹೊತ್ತಿವ್ನಿ. ಬೆಟ್ಟ ಹತ್ತೋಗಂಟ ಕೈ ಸುಮ್ಕೆ ಕೂರ್ಬೇಕಲ್ಲ" ಎಂದರು ಮಾವ.

ನನ್ನ ತಂದೆಗೆ ಹಳೇಬೀಡಿನ ಕೆರೆಯ ದಾರಿಯಲ್ಲಿ ಮರಗೆಲಸದ ಅಂಗಡಿಯಿತ್ತು. ಮರದ ಹೊಟ್ಟಿನ ರಾಶಿಯಲ್ಲಿ ಆಡಿ ಬೆಳೆದವಳೆಂಬ ಅಹಂಕಾರದಿಂದ ನಾನು ಮಲಗಿದಲ್ಲಿಂದಲೇ ಮೇಸ್ತ್ರಿಯಾದೆ. "ಮರದ ಎಳೆ ನೋಡ್ಕೊಂಡು ಹತ್ತರಿ ಹೊಡೀರಿ ಮಾವ, ಆಗ ನುಣುಪು ಬರುತ್ತೆ." "ಪ್ಲೈವುಡ್ ಸೇರಿಸ್ಬೇಡಿ, ನೀರಿನ ಹಬೆಗೆ ಉಬ್ಬುತ್ತೆ." ಅವರು ಪ್ರತಿ ತುಂಡನ್ನೂ ತಂದು ನನ್ನ ಕೈಗೆ ಕೊಡುವರು, ನಾನು ಸವರಿ ನೋಡಿ ತೀರ್ಪು ಕೊಡುವೆ. ಮಲಗಿಕೊಂಡೇ ಉಪ್ಪುಕಾಗದ ಹಾಕಿ ಅಂಚುಗಳನ್ನು ಉಜ್ಜಿಯೂ ಕೊಟ್ಟೆ. ಇಷ್ಟೆಲ್ಲ ಮೇಸ್ತ್ರಿಕೆ ಮಾಡಿದವಳು ಮೀನಿನ ನೀರಿಗೆ ಗಾಳಿ ಊದುವ ಕೊಳವೆ ಹೊರಗೆ ಬರಲು ಜಾಗ ಬಿಡಬೇಕೆಂಬುದನ್ನೇ ಮರೆತಿದ್ದೆ. ಪೆಟ್ಟಿಗೆಯ ಮೇಲಿಟ್ಟರೆ ಮುಚ್ಚಳ ಕೊಳವೆಗೆ ತಗಲಿ ಕುಂಟುತ್ತಿತ್ತು. ಮಾವ ನಕ್ಕರು. ಅವರಿಗೆ ಮುಂದಿನ ಹಲ್ಲೊಂದಿಲ್ಲವೆಂದು ನನಗೆ ಗೊತ್ತಾದದ್ದು ಆಗ.

ದೀಪದ ವಿಷಯದಲ್ಲಿ ಮಾತ್ರ ನನ್ನ ಬಾಯಿ ನಡೆಯಲಿಲ್ಲ. ಮುಚ್ಚಳದ ಒಳಮೈಗೆ ಬಿಳಿ ಬಣ್ಣ ಬಳಿದು, ಗಿಡ್ಡ ಟ್ಯೂಬ್‌ಲೈಟನ್ನು ಒಳಗೆ ಕೂರಿಸಿ, ಬಿಸಿಯಾಗುವ ಚೋಕನ್ನು ಹೊರಗಿಟ್ಟರು. ನೀರು ಜಾರಿ ಪ್ಲಗ್ಗಿಗೆ ಇಳಿಯದಂತೆ ವೈರನ್ನು ಜೋಲಾಗಿ ಬಿಟ್ಟರು. ವಾರ್ನಿಷ್ ಹೊಡೆದದ್ದು ಹಿತ್ತಿಲಿನಲ್ಲಿ. ಬಸುರಿಗೆ ವಾಸನೆ ಆಗದೆಂದು ಎಷ್ಟೋ ದಿನ ಅದನ್ನು ಒಳಗೇ ತರಲಿಲ್ಲ. ದಿನಾ ಮೂಸಿ ನೋಡಿ "ಇನ್ನೂ ಐತೆ" ಎನ್ನುವರು.

ಕೊನೆಗೊಂದು ಸಂಜೆ ಸ್ವಿಚ್ ಒತ್ತಿದರು. ಕೋಣೆಯ ಮಬ್ಬಿನಲ್ಲಿ ನೀರು ಹಸಿರಾಗಿ ಬೆಳಗಿತು. ಸತ್ತ ಮೀನು ಹಾಕಿಹೋಗಿದ್ದ ಮರಿಗಳು, ಸಾಸಿವೆ ಕಾಳಿಗೆ ಬಾಲ ಬಂದಂತೆ, ನೀರಿನೊಳಗಿನ ಗಿಡದ ಬುಡದಲ್ಲಿ ಓಡಾಡುತ್ತಿದ್ದವು. ಅವು ಅಲ್ಲಿವೆಯೆಂದು ಅಷ್ಟು ದಿನ ನಮಗೆ ಗೊತ್ತೇ ಇರಲಿಲ್ಲ. ಇಬ್ಬರೂ ಎಣಿಸತೊಡಗಿದೆವು. ಅಷ್ಟರಲ್ಲಿ ಕರೆಂಟು ಹೋಯಿತು. ಆಗಿನ ಕರೆಂಟಿಗೆ ಅದೇ ಕೆಲಸ. ಕತ್ತಲೆಯಲ್ಲಿ ಹೊಸಿಲ ಮೇಲೆ ಕೂತ ಮಾವ ತಾವಾಗಿಯೇ ಹೇಳಿದರು: "ನಿಮ್ಮತ್ತೆಗೂ ಮೊದಲ್ನೇದು ಉಳೀಲಿಲ್ಲ. ಆಗ ಅವಳ ತಾವ ನಮ್ಮವ್ವ ಇದ್ಲು. ನಿಂಗೆ ನಾನೇ ಅಲ್ವಾ ಇರಾದು."

ಮಗಳು ಹಾಸನದ ಆಸ್ಪತ್ರೆಯಲ್ಲಿ ಹುಟ್ಟಿದಳು. ತಿಂಗಳು ತುಂಬುವ ಮೊದಲೇ ಬಂದವಳಿಗೆ ಕಾಮಾಲೆ; ಗಾಜಿನ ತೊಟ್ಟಿಲಲ್ಲಿ ಮಲಗಿಸಿ ಮೇಲಿನಿಂದ ನೀಲಿ ದೀಪ ಬಿಟ್ಟಿದ್ದರು. ನನ್ನ ಜೀವ ಕೈಯಲ್ಲಿತ್ತು. ಮಾವ ಹೋಗಿ ತೊಟ್ಟಿಲ ಸುತ್ತ ಬಗ್ಗಿ ಬಗ್ಗಿ ನೋಡಿ ಬಂದರು.

"ದೀಪ ಸರ್ಯಾಗಿ ಕೂರ್ಸವ್ರೆ, ಗಾಳಿಯಾಡಕ್ಕೂ ಜಾಗ ಬಿಟ್ಟವ್ರೆ. ಏನೂ ಆಗಕಿಲ್ಲ ಕಣವ್ವ."

ಡಾಕ್ಟರು ಹೇಳಿದ್ದಕ್ಕಿಂತ ನನಗೆ ಧೈರ್ಯ ಬಂದದ್ದು ಆ ಮಾತಿನಿಂದ. ಮಗಳು ಉಳಿದಳು. ಈಗ ನನಗಿಂತ ಎತ್ತರ.

ನಮ್ಮ ಮನೆಗಳಲ್ಲಿ ಥ್ಯಾಂಕ್ಸ್ ಹೇಳುವ ಪದ್ಧತಿಯಿಲ್ಲ. ಮಾವನಿಗೆ ಈಗ ತೊಂಬತ್ತು ಹತ್ತಿರ, ಕಿವಿ ಮಂದ. ಇವತ್ತು ಏನನ್ನಿಸಿತೋ, ಪಡಸಾಲೆಗೆ ಹೋಗಿ ಹೇಳಿದೆ: "ಮಾವ, ಆವಾಗ ನನ್ನ ಅಷ್ಟು ಚೆನ್ನಾಗಿ ನೋಡ್ಕೊಂಡ್ರಲ್ಲ…" ಕೇಳಿಸಲಿಲ್ಲ. ಮತ್ತೆ ಕೂಗಿ ಹೇಳಬೇಕಾಯಿತು, ಬೀದಿಗೆಲ್ಲ ಕೇಳಿಸಿರಬೇಕು.

ಅವರು ನನ್ನ ಕಡೆ ತಿರುಗಿದರು. "ನೋಡ್ಕಂಡಿದ್ದಾ? ನಿಮ್ಮತ್ತೆ ಹೋದ್ಮೇಲೆ ನಂಗೂ ಯಾರವ್ವ ಇದ್ರು ಮಾತಾಡಕ್ಕೆ?"

ಇಷ್ಟು ವರ್ಷ ನಾನು ಲೆಕ್ಕ ಹಾಕಿದ್ದೆಲ್ಲ ಒಂದೇ ಕಡೆಯಿಂದ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಉರಿ ಆರಿಸಿ ಬಂದು, ಅವರ ಪಕ್ಕದಲ್ಲಿ ಕೂತು, ಅತ್ತೆ ಹೇಗಿದ್ದರೆಂದು ಜೋರಾಗಿ ಕೇಳಿದೆ.