ಎಪ್ಪತ್ತೆಂಟು ಡಿಗ್ರಿಯ ಚಳಿ

ಆ ಚಳಿಗಾಲ ನ್ಯೂಜೆರ್ಸಿಯ ನಮ್ಮ ಟೌನ್‌ಹೌಸ್‌ನ ಹೀಟಿಂಗನ್ನು ನಾನೇ ಜೋಡಿಸಿದ ಪುಟ್ಟ ಕಂಪ್ಯೂಟರಿಗೆ ಒಪ್ಪಿಸಿದ್ದೆ. ಇಸ್ಪೀಟ್ ಎಲೆಯಷ್ಟಗಲದ ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಪಕ್ಕಕ್ಕೆ ಉಷ್ಣತೆ ಅಳೆಯುವ ಸೆನ್ಸರ್ ಅಂಟಿಸಿ, ಅಡುಗೆಮನೆಯ ಶೆಲ್ಫಿನ ಮೇಲೆ ಇಟ್ಟಿದ್ದೆ. ಮನೆ ತಣ್ಣಗಾದರೆ ಅದೇ ಹೀಟ್ ಹಾಕಬೇಕು.

ಒಂದು ಮಧ್ಯಾಹ್ನ ನಾನು ಮ್ಯಾನ್‌ಹಟನ್‌ನ ಆಫೀಸಿನಲ್ಲಿದ್ದಾಗ, ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಫೋನ್ ಮಾಡಿದರು.

"ಮನೆ ಐಸ್ ಆಗಿದೆ ಕಣಮ್ಮ. ಎರಡು ಸ್ವೆಟರ್ ಹಾಕ್ಕೊಂಡು ಕೂತಿದೀನಿ."

ಸೆನ್ಸರ್ ಅಳೆದದ್ದು ನನ್ನ ಮೊಬೈಲಿಗೂ ಬರುತ್ತಿತ್ತು; ತೆಗೆದು ನೋಡಿದೆ. ಎಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್.

"ಬೆಚ್ಚಗಿದೆ ಅಂತ ತೋರಿಸ್ತಿದೆಯಲ್ಲ ಅತ್ತೆ."

"ಹಾಗಾದ್ರೆ ನನಗೇ ಜ್ವರ ಇರಬೇಕು."

ಸಂಜೆ ಬಂದು ನೋಡಿದರೆ ಎಲ್ಲ ಸರಿಯಾಗಿತ್ತು. ಮರುದಿನ ಮತ್ತೆ ಅದೇ ಆಯಿತು. ಸೆನ್ಸರ್ ಬದಲಿಸಿದೆ, ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ಹಗಲು ಮಾತ್ರ ಕೆಡುವ ಯಂತ್ರವನ್ನು ನಾನು ಕಂಡಿರಲಿಲ್ಲ. ನಿಜಕ್ಕೂ ಜ್ವರವೇನೋ ಎಂದು ಅತ್ತೆಯ ಹಣೆಯನ್ನೂ ಮುಟ್ಟಿ ನೋಡಿದೆ.

ಕೊನೆಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಕಾಫಿ ಮುಗಿಸಿದ ಅತ್ತೆ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಯನ್ನು ನನ್ನ ಡಬ್ಬಿಗೆ ಒತ್ತಿ ಇಟ್ಟು, ಎರಡಕ್ಕೂ ಸೇರಿಸಿ ಶಾಲು ಹೊದಿಸಿದರು.

"ಏನತ್ತೆ ಇದು?"

"ಈ ಊರಲ್ಲಿ ಮೊಸರೇ ಹೆಪ್ಪಾಗಲ್ಲ. ಮನೇಲಿ ಬೆಚ್ಚಗಿರೋದು ಇದೊಂದೇ. ಸಂಜೆ ನೀನು ಬರೋಷ್ಟರಲ್ಲಿ ತೆಗೆದಿಡ್ತೀನಿ."

ಶಾಲಿನೊಳಗೆ ಕೈ ತೂರಿಸಿ ನೋಡಿದೆ; ಸೆನ್ಸರ್ ಆ ಬಿಸಿಯನ್ನೇ ಮನೆಯ ಬಿಸಿ ಎಂದು ಅಳೆಯುತ್ತಿತ್ತು. ಆಮೇಲೆ ಸೆನ್ಸರಿಗೆ ಉದ್ದನೆಯ ವೈರ್ ಸೇರಿಸಿ ಹಾಲ್‌ನ ಗೋಡೆಗೆ ಅಂಟಿಸಿದೆ. ಮನೆ ಬೆಚ್ಚಗಾಯಿತು, ಮೊಸರೂ ಗಟ್ಟಿಯಾಗಿ ಬಂತು. ಡಬ್ಬಿ ಹಗಲೆಲ್ಲ ಶಾಲಿನೊಳಗೇ ಇರುತ್ತದೆ. ಆ ಬಿಸಿಯಿಂದ ಒಳಗಿನ ಕಂಪ್ಯೂಟರಿಗೆ ತೊಂದರೆಯಿದೆಯೋ ಇಲ್ಲವೋ, ನನಗೆ ಈಗಲೂ ಗೊತ್ತಾಗಿಲ್ಲ.