ಬೊಂಬೆ ಅವರದು, ಜಗಳ ನಮ್ಮದು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ತೆಳ್ಳನೆಯ ಕೈಗವಸಿನೊಳಗಿಂದಲೂ ಕಾಣುವಂಥ ನೀಲಿ. ಮೊದಲ ಸಲ ಅದನ್ನು ನೋಡಿದಾಗ ನಾನು ಮಳವಳ್ಳಿಯ ಅವರ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಒರಗಿದ್ದೆ. ಹಲ್ಲಿನ ಡಾಕ್ಟರ ಉಗುರಿಗೆ ಬಣ್ಣ ಯಾಕೆ ಎಂದು ಕೇಳೋಣವೆಂದರೆ ಇಂಜೆಕ್ಷನ್ನಿಗೆ ತುಟಿ ಮರಗಟ್ಟಿತ್ತು. ತಾಲ್ಲೂಕು ಕಚೇರಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಬಾಯಿ ತೆರೆಸಿಯೂ ನನ್ನನ್ನು ಸುಮ್ಮನಾಗಿಸಿದವರು ಅವರೊಬ್ಬರೇ.

ಹಲ್ಲು ಕಿತ್ತಾದ ಮೇಲೆ, "ರಕ್ತ ನಿಲ್ಲಗಂಟ ಒಳೀಕೆ ಓಗಿ ಕುಂತ್ಕೊಳವ್ವ" ಎಂದರು. ಒಳಕೋಣೆಯ ಮೇಜಿನ ಮೇಲೆ ಒಂದು ಊರೇ ಮಲಗಿತ್ತು. ಹಸಿರು ಬಟ್ಟೆಯ ಗದ್ದೆ, ಸ್ಪಂಜಿನ ಮರ, ಹಲ್ಲಿನ ಅಚ್ಚು ತೆಗೆಯುವ ಗಾರೆಯಲ್ಲಿ ಮಾಡಿದ ಗುಡ್ಡ. ನಡುವೆ ಬೆರಳಿನ ಗೆಣ್ಣಿನಷ್ಟು ಎತ್ತರದ ಸಿಪಾಯಿಗಳು ನೀಲಿ ಅಂಗಿ ತೊಟ್ಟು ಯಾರದೋ ಅಪ್ಪಣೆಗೆ ಕಾಯುತ್ತಿದ್ದರು. ಕಿಟಕಿಯ ಬಿಸಿಲು ಅವರ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಆ ಮಂಪರಿನಲ್ಲಿ ಅವರೆಲ್ಲ ಉಸಿರಾಡುತ್ತಿರುವಂತೆ ಕಂಡಿತು. ಮನೆಗೆ ಹೋಗುವುದನ್ನೇ ಮರೆತು ಕೂತುಬಿಟ್ಟೆ.

ಬಣ್ಣ ಹಚ್ಚುವುದು ಡಾಕ್ಟರೇ ಆದರೂ ಆ ಬೊಂಬೆಗಳನ್ನು ಮಾಡುವುದು ಎಲ್ಲೋ ಹೊರದೇಶದ ಒಂದು ಕಂಪನಿ. ಆಡುವ ನಿಯಮದ ಪುಸ್ತಕವನ್ನೂ ಅದೇ ಮಾರುತ್ತದೆ: ಸ್ಕೇಲಿನಲ್ಲಿ ಅಳೆದು ಸಿಪಾಯಿಗಳನ್ನು ನಡೆಸಬೇಕು, ದಾಳ ಉರುಳಿಸಿ ಹೊಡೆದಾಡಿಸಬೇಕು. ಕೆಲವು ವರ್ಷಕ್ಕೊಮ್ಮೆ ಹೊಸ ಪುಸ್ತಕ ಬರುತ್ತದೆ, ಅದರಲ್ಲಿ ಹಳೆಯ ಎಷ್ಟೋ ಬೊಂಬೆಗಳಿಗೆ ಜಾಗವೇ ಇರುವುದಿಲ್ಲ. ಡಾಕ್ಟರಿಗೆ ಇದು ಸಹಿಸಲಾಗದು. "ಇವ್ರು ಮಾಡಿರೋ ತಪ್ಪಾದ್ರೂ ಏನು, ಮನೆ ಬುಟ್ಟು ಓಡ್ಸಕ್ಕೆ?" ಎಂದು ತಾವೇ ಕನ್ನಡದಲ್ಲಿ ನಿಯಮ ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹಾಕಿದ್ದರು. ಅದರ ಮೊದಲ ಸಾಲೇ, "ಬೊಂಬೆ ಅವರದು, ಜಗಳ ನಮ್ಮದು." ಕೆಸರುಗದ್ದೆಗೆ ಇಳಿದ ಕುದುರೆ ಅರ್ಧ ದೂರವೇ ನಡೆಯಬೇಕು ಎಂಬ ನಿಯಮವನ್ನು ಆತಗೂರಿನ ಕಡೆ ಹುಟ್ಟಿದವರಲ್ಲದೆ ಯಾರು ಬರೆದಾರು? ಇನ್ನೊಂದಿತ್ತು: ಸಿಪಾಯಿ ಬಿದ್ದರೆ ಸುಮ್ಮನೆ ಎತ್ತಿಡುವಂತಿಲ್ಲ, ಅವನ ಹೆಸರು ಕೂಗಿಯೇ ಎತ್ತಬೇಕು.

ಭಾನುವಾರ ಮಧ್ಯಾಹ್ನ ಆಟಕ್ಕೆ ಕೂರುತ್ತಿದ್ದವರು ಮೂವರು: ಡಾಕ್ಟರು, ನಾನು, ಕಿರುಗಾವಲಿನಿಂದ ಬಸ್ಸಿಗೆ ಬರುವ ಒಬ್ಬ ಟೈಲರು. ಕಚೇರಿ, ಮನೆ ಬಿಟ್ಟರೆ ನನಗೆ ಬೇರೆ ಲೋಕವಿಲ್ಲ ಎಂದುಕೊಂಡಿದ್ದವಳು ನಾನು. ಆ ಮೇಜಿನಷ್ಟಗಲದ ಲೋಕ ಅವರು ಕೊಟ್ಟದ್ದು. ಒಮ್ಮೆ ಟೈಲರು, "ಹಲ್ಲಿನ ಅಚ್ಚು ತೆಗ್ಯೋರು ನೀವು. ಒಂದ್ ಬೊಂಬೆ ತಕೊಂಡು ನೂರು ಮಾಡ್ಬೋದಲ್ಲ ಸಾ?" ಎಂದರು. ಡಾಕ್ಟರ ಮುಖ ಕೆಂಪಾಯಿತು. "ನಿಯಮ ಬರ್ಯದು ಜಗಳ. ಅಚ್ಚು ತೆಗ್ಯದು ಕಳ್ತನ ಕಣಯ್ಯ. ಅವ್ರು ಮಾಡ್ದೆ ಇದ್ರೆ ನಾವು ಏನಿಟ್ಕಂಡು ಆಡದು?"

ಅಂಥವರಿಗೇ ಒಂದು ದಿನ ಕಂಪನಿಯಿಂದ ಇಮೇಲು ಬಂತು. ಮರ್ಯಾದೆಯಾಗಿಯೇ ಬರೆದಿದ್ದರು: ನಿಮ್ಮ ನಿಯಮ ನಿಮ್ಮದು, ಆದರೆ ಪಡೆಗಳ ಹೆಸರು, ವೀರರ ಹೆಸರು ನಮ್ಮ ಸ್ವತ್ತು, ಅವನ್ನು ತೆಗೆಯಿರಿ, ಇಲ್ಲವೇ ಎಲ್ಲವನ್ನೂ ಇಂಟರ್ನೆಟ್ಟಿನಿಂದ ತೆಗೆದುಹಾಕಿ. ಡಾಕ್ಟರು ಮಂಕಾದರು. ಹೆಸರೇ ಇಲ್ಲದ ಮೇಲೆ ಏನೆಂದು ಕೂಗುವುದು? ವರ್ಷಗಟ್ಟಲೆ ಬರೆದದ್ದು ಹೋಗಿಯೇಬಿಟ್ಟಿತು ಎಂದು ನಾನೂ ಅಂದುಕೊಂಡೆ.

ಮುಂದಿನ ಭಾನುವಾರ ಹೋದರೆ ಮೇಜಿನ ಮೇಲೊಂದು ಆಟದ ತೊಟ್ಟಿಲು! ಪಕ್ಕದಲ್ಲಿ ಕೊಬ್ಬರಿ, ಸಕ್ಕರೆ. "ಬಾರವ್ವ, ಇವತ್ತು ನಾಮ್ಕರಣ. ಒಬ್ಬೊಬ್ಬನ್ನೇ ತೊಟ್ಲಿಗಾಕಿ ಕಿವೀಲಿ ಎಸ್ರು ಯೋಳಿ." ಟೈಲರು ನಕ್ಕು, "ನಮ್ಮಲ್ಲೂ ಮಗೀಗೆ ಮೊದಲ್ನೇ ಮಾತು, ಆಜಾನು, ಕಿವೀಲೇ ಯೋಳದು ಸಾ" ಎನ್ನುತ್ತಾ ಈಟಿ ಹಿಡಿದವನೊಬ್ಬನಿಗೆ ಸೂಜಿಮಲ್ಲ ಎಂದು ಹೆಸರಿಟ್ಟರು. ಎಷ್ಟು ನೂಕಿದರೂ ಮುಂದೆ ಹೋಗದ ದೈತ್ಯನಿಗೆ ನಾನು ಕಡತರಾಯ ಎಂದೆ. ಬಾಯಿ ತುಂಬ ಹಲ್ಲಿದ್ದ ರಾಕ್ಷಸನಿಗೆ ಡಾಕ್ಟರು ಬಹಳ ಪ್ರೀತಿಯಿಂದ ದವಡೆರಾಯ ಎಂದು ಪಿಸುಗುಟ್ಟಿದರು. ಹೊರಗೆ ಕಬ್ಬಿನ ಲಾರಿ ಹೋದಾಗಲೆಲ್ಲ ತೊಟ್ಟಿಲು ತಾನಾಗಿಯೇ ತೂಗುತ್ತಿತ್ತು. ಎಂಥ ಮಧ್ಯಾಹ್ನ ಅದು! ಹೊಸ ಹೆಸರುಗಳ ನಿಯಮ ನೋಡಿ ಕಂಪನಿಯವರು ಶುಭವಾಗಲಿ ಎಂದು ಉತ್ತರ ಬರೆದರು. ಡಾಕ್ಟರು ಅವರಿಂದಲೇ ಇನ್ನೊಂದು ಪೆಟ್ಟಿಗೆ ಬೊಂಬೆ ತರಿಸಿದರು.

ಒಬ್ಬನಿಗೆ ಮಾತ್ರ ಹೆಸರಿಡಲಿಲ್ಲ, ತುತ್ತೂರಿ ಊದುವ ಒಬ್ಬ ಮುದುಕನಿಗೆ. ಯಾಕೆ ಸಾರ್ ಎಂದೆ.

"ಎಸ್ರಿದ್ರೆ ತಾನೆ ಕೂಗದು? ಕೂಗುದ್ರೆ ತಾನೆ ಎತ್ತದು? ಒಬ್ಬನಾರಾ ಉಳ್ಕೊಳ್ಲಿ ಬುಡವ್ವ."

ಹೋದ ವರ್ಷ ಡಾಕ್ಟರು ಮಲಗಿದಲ್ಲೇ ತೀರಿಕೊಂಡರು. ಅವರ ಮನೆಯವರು ಮೇಜನ್ನೂ ಬೊಂಬೆಗಳನ್ನೂ ನಮ್ಮಿಬ್ಬರಿಗೆ ಕೊಟ್ಟರು. ಮೊದಲ ಭಾನುವಾರ ನಮ್ಮ ಮನೆಯಲ್ಲಿ ಎಲ್ಲವನ್ನೂ ಜೋಡಿಸಿದ ಮೇಲೆ ಟೈಲರು ಆ ತುತ್ತೂರಿಯವನನ್ನು ನನ್ನ ಅಂಗೈಯಲ್ಲಿಟ್ಟು, "ಇವುನ್ಗೆ ಡಾಕ್ಟ್ರ ಎಸ್ರೇ ಮಡಗಿ ಮೇಡಂ" ಎಂದರು. ಕಣ್ಣು ಒರೆಸಿಕೊಂಡರು.

ಅವನನ್ನು ತುಟಿಯ ಹತ್ತಿರ ತಂದೆ. ಅಂಗಿಯ ನೀಲಿ ಆ ಉಗುರಿನ ನೀಲಿಯೇ. ತುಟಿ ಮತ್ತೆ ಮರಗಟ್ಟಿದಂತಾಯಿತು. ಹೆಸರಿಟ್ಟರೆ ಒಂದಲ್ಲ ಒಂದು ದಿನ ಕೂಗಿ ಎತ್ತಬೇಕಾಗುತ್ತದೆ.

"ಬ್ಯಾಡಿ, ಇಂಗೇ ಇರ್ಲಿ" ಎಂದು ಗುಡ್ಡದ ಮೇಲೆ ನಿಲ್ಲಿಸಿದೆ.

ಇಷ್ಟೆಲ್ಲ ಬರೆದವಳು ಇಲ್ಲಿಯೂ ಅವರ ಹೆಸರು ಬರೆದಿಲ್ಲ.