ಸಾವಕಾರ ಬಂದ ಮ್ಯಾಲೆ ಮೊದಲಿಂದ

ನಮ್ಮಣ್ಣನ ಹೆಂಡ್ತಿ, ನಮ್ಮ ವೈನಿ ಗುರುಲಿಂಗವ್ವ, ಒಂದ ಸಿನಿಮಾದ ಸುರುವಾತ ಎಷ್ಟ ಸಲ ನೋಡ್ಯಾಳೋ ದೇವರಿಗೇ ಗೊತ್ತು. ಕಡೀದು ಮಾತ್ರ ನೋಡಾಕ ಸಿಗವಲ್ತಾಗಿತ್ತು. ತಪ್ಪೆಲ್ಲಾ ಆ ಹುಲ್ಲಪ್ಪ ಸಾವಕಾರಂದು. ಅಂವನ ಹೆಸರ ತಗದ್ರ ನನಗ ಇವತ್ತಿಗೂ ಮೈ ಉರೀತೈತಿ.

ಐವತ್ನಾಕೋ ಐವತ್ತೈದೋ ಇಸವಿ ಇರಬೇಕು. ಇಳಕಲ್ಲಾಗ ಸಾವಕಾರನ ಬಯಲಿನ್ಯಾಗ ಟೆಂಟ ಹಾಕಿ ಸಿನಿಮಾ ತೋರಸ್ತಿದ್ರು. ಗಂಡಸರು ಒಂದ ಕಡೆ, ಹೆಂಗಸರು ಒಂದ ಕಡೆ, ನಡಕ ಒಂದ ಹಗ್ಗ. ಸಂಜಿ ಆಟ ಸುರು ಆಗಿ ಇನ್ನೇನ ಕತಿ ಹಿಡೀತು ಅನ್ನೂದ್ರಾಗ ಸಾವಕಾರ ಬರಾಂವ, ಎಲಿ ಅಡಕಿ ಮೆಲ್ಲಕೋತ. ಅಂವ ಕುರ್ಚಿ ಮ್ಯಾಲೆ ಕುಂತಗೊಳ್ಳೂದ ತಡಾ, ಟೆಂಟಿನ ಮಾಲಕ ಕೂಗಾಂವ: "ಲಾಡಸಾಬ, ಸಾವಕಾರ್ರು ಬಂದ್ರು! ಮೊದಲಿಂದ ಹಾಕಪಾ!" ಮಷೀನ ನಡಸೋ ಲಾಡಸಾಬ ಗೊಣಗಕೋತ ರೀಲು ತಿರಗಾ ಸುತ್ತಾಂವ. ಜಾಗಾ ಕೊಟ್ಟಾಂವ ಸಾವಕಾರ, ಅಂವಗ ಯಾರ ಏನ ಅಂದಾರು? ನಮ್ಮಂಥವರ ಹೊತ್ತಿಗೆ ಏನ ಕಿಮ್ಮತ್ತು!

ವೈನಿಗೆ ಆ ಸಿನಿಮಾ ಪೂರಾ ನೋಡೂದ ಅಗದೀ ಜರೂರ ಇತ್ತು. ನಮ್ಮಣ್ಣ ಕಲ್ಲಪ್ಪ ಸೊಲ್ಲಾಪುರದ ಮಿಲ್ಲಿಗೆ ಅಂತ ಹೋದಾಂವ, ಹೋದಾನೇ. ಅಲ್ಲೇ ಒಬ್ಬಾಕಿ ಜೋಡಿ ಮನಿ ಮಾಡ್ಯಾನ ಅಂತ ಬಂದವರು ಹೋದವರು ಹೇಳ್ತಿದ್ರು. ನಮ್ಮವ್ವ ಕಿವಿ ಮ್ಯಾಲೆ ಹಾಕ್ಕೋತಿದ್ದಿಲ್ಲ. "ನನ್ನ ಮಗಾ ಬಂದ ಬರ್ತಾನ, ನೀ ಸುಮ್ಮನ ಕಾಯಿ" ಅನ್ನಾಕಿ. ವೈನಿ ಹಗಲೆಲ್ಲಾ ರಾಟಿ ಮುಂದ ಕುಂತು ನಮ್ಮಪ್ಪನ ಮಗ್ಗಕ್ಕ ಕಂಡಿಕಿಗೆ ನೂಲ ಸುತ್ತಾಕಿ. ಅಷ್ಟರಾಗ ಹುನಗುಂದದಿಂದ ಆಕಿ ಅಪ್ಪ ಬಂದು, "ಪಂಚರ ಮುಂದ ಬಿಡುಗಡಿ ಮಾಡಸ್ತೇನಿ, ಉಡಿಕಿ ಲಗ್ನಾ ಮಾಡಿ ಇನ್ನೊಂದ ಮನಿ ತುಂಬಸ್ತೇನಿ, ಬಾ ಮಗಳ" ಅಂದು ಹೋಗಿದ್ದ. ಹೋಗಲೋ ಇರಲೋ, ವೈನಿಗೆ ಒಂದೂ ತಿಳೀವಲ್ತು.

ಸಿನಿಮಾದ ಮೊದಲನೇ ಸೀನಿನ್ಯಾಗ ಒಬ್ಬ ಗಂಡಾ ಊರ ಬಿಟ್ಟ ಹೊಂಡ್ತಾನ. ತಾಯಿ ಅಳ್ತಾಳ. ಹೆಂಡ್ತಿ ಬಾಗಲದಾಗ ನಿಂತಿರ್ತಾಳ. ಇಷ್ಟ. ಹಿಂದಿ ಮಾತು ನನಗೊಂದೂ ತಿಳೀಲಿಲ್ಲ. ಮೊದಲನೇ ಸಲ ಪರದೆ ಮ್ಯಾಲಿನ ಗಂಡನ್ನ ನೋಡಿ ವೈನಿ ಕಣ್ಣೀರ ಹಾಕಿದ್ಲು. ಸಾವಕಾರ ಬಂದ, ತಿರಗಾ ಸುರು ಆತು. ಆವಾಗ ನನ್ನ ತಿವಿದು, "ಲಗಮವ್ವ, ಆಕಿ ಸೀರಿ ದಡಿ ನೋಡ, ಹೆಂಗ ಸವದೈತಿ. ಅಂವನ ಧೋತರಾ ನೋಡ, ಹೊಸಾದು, ಇನ್ನೂ ಮಡಿಕಿ ಮುರದಿಲ್ಲ" ಅಂದ್ಲು. ನೇಕಾರ ಮನಿಯಾಕಿ, ಆಕಿ ಕಣ್ಣ ಅಲ್ಲೇ ಹೋಗೂದು! ಮರದಿನ, "ಹೊಂಟಾಂವ ಕನ್ನಡಿ ನೋಡಿ ತಲಿ ಹಿಕ್ಕೊಂಡ. ಆಕಿ ಮಾರಿ ನೋಡಲಿಲ್ಲ" ಅಂದ್ಲು. ಅದರ ಮರದಿನ, "ತಾಯಿ ಅಳೂದು ಮಗನ ಸಲುವಾಗಿ. ಸೊಸಿ ಕಡೆ ತಿರುಗೇ ನೋಡಂಗಿಲ್ಲ. ಬ್ಯಾರೆ ಏನ ಹೇಳಬೇಕ? ಯಾರ್ಯಾರು ಎಂಥವರು ಅಂತ ಎಲ್ಲಾ ಇಲ್ಲೇ ಹೇಳಿಬಿಟ್ಟಾರ" ಅಂದ್ಲು.

"ಹಂಗಾರ ಮುಂದಿಂದು ಯಾಕ ನೋಡಬೇಕ?" ಅಂದೆ.

"ಆಕಿ ಏನ ಮಾಡ್ತಾಳ ನೋಡಬೇಕಲ್ಲ!"

ಆದ್ರ ಹೆಂಗ ನೋಡೂದು? ಮಠದ ಗಂಟಿ ಬಾರಿಸೂದ್ರಾಗ ಇಬ್ಬರೂ ಮನ್ಯಾಗಿರಬೇಕು, ಅದು ಅವ್ವನ ಕಟ್ಟಪ್ಪಣಿ. ಸಾವಕಾರನ ಕೃಪಾದಿಂದ ಗಂಟಿ ಹೊತ್ತಿಗೆ ಸಿನಿಮಾ ಅರ್ಧಕ್ಕ ಬಂದಿರ್ತಿತ್ತು. ದಿನಾ ನಾ ವೈನಿ ಕೈ ಹಿಡದ ಎಳಕೊಂಡ ಬರೂದು, ದಿನಾ ಆಕಿ ಹಿಂದ ತಿರುಗಿ ತಿರುಗಿ ನೋಡೂದು. ಸಾಕ ಸಾಕಾಗಿ ಹೋಗಿತ್ತ ನನಗ.

ಟೆಂಟ ಕೀಳೋ ದಿನಾ ಬಂತು. ಅವತ್ತೂ ಆ ಪುಣ್ಯಾತ್ಮ ತಡಾ ಮಾಡೇ ಬಂದ, ಅವತ್ತೂ ಮೊದಲಿಂದ! ಗಂಟಿ ಬಾರಿಸ್ತು. ನಾ ಎದ್ದೆ. ವೈನಿ ಏಳಲಿಲ್ಲ.

"ಏಳ, ಅವ್ವ ಬೈತಾಳ."

"ಬೈಲಿ" ಅಂದ್ಲು.

ಕಡೀಗೆ ಆ ಗಂಡಾ ಬಂದ. ಕೆಮ್ಮಕೋತ, ಬಡಿಗಿ ಊರಿಕೋತ ಬಂದು ಬಾಗಲಾ ಬಡದ. ಒಳಗ ಆಕಿ, ಅದಽ ಹರಕ ಸೀರಿ, ತಲಿ ಬೆಳ್ಳಗಾಗೈತಿ. ಓಡಿ ಬಂದ್ಲು. ಸುತ್ತಲಿನ ಹೆಂಗಸರೆಲ್ಲಾ ಸೆರಗಿಲೆ ಕಣ್ಣ ಒರಸ್ಕೊಳ್ಳಾಕತ್ತಿದ್ರು. ನಮ್ಮ ವೈನಿ ಎದ್ದ ನಿಂತು, ಅಷ್ಟೂ ಮಂದಿ ನಡುವ, "ತಗೀಬ್ಯಾಡ! ಬಾಗಲಾ ತಗೀಬ್ಯಾಡವಾ!" ಅಂತ ಚೀರಿದ್ಲು.

ಆಕಿ ತಗದ್ಲು. ಅಂವನ ಕಾಲ ತೊಳದ್ಲು. ಮಂದಿ ಚಪ್ಪಾಳಿ ಹೊಡದ್ರು.

ಅವತ್ತ ವೈನಿ ಹಿಂದ ತಿರುಗಿ ನೋಡದನ ಮನಿಗೆ ನಡದ್ಲು. ಹೊಚ್ಚಲದಾಗ ಅವ್ವ ನಿಂತಿದ್ಲು. ಗಂಟಿ ಕೇಳಸಲಿಲ್ಲೇನ, ಹೆಣ್ಣಮಕ್ಕಳ ಬರೂ ಹೊತ್ತೇನ ಇದು, ಅಂತ ಇಬ್ಬರಿಗೂ ಮನಸಾರೆ ಬೈದ್ಲು. ದಿನಾ ನನ್ನ ಬಾಯಿಲೆ ಅರ್ಧಾ ಕತಿ ಕೇಳಿದಾಕಿ, ಆಮ್ಯಾಲೆ ತಡಕೊಳ್ಳಾಕ ಆಗಲಾರದ ಮೆಲ್ಲಕ ಕೇಳಿದ್ಲು: "ಬಂದನೇನ ಕಡೀಗೆ, ಆ ಸಿನಿಮಾದಾಕಿ ಗಂಡಾ?"

"ಬಂದನ್ರಿ ಅತ್ತಿ."

"ನೋಡಿದಿಲ್ಲೋ? ನಾ ಏನ ಹೇಳಿದ್ದೆ!"

"ಖರೇನ್ರಿ" ಅಂದ್ಲು ವೈನಿ. "ನಮ್ಮನಿಯವರೂ ಬರಬಹುದ್ರಿ. ಅದಕ್ಕ ನಾ ಮುಂಜಾನೆ ಹುನಗುಂದಕ್ಕ, ಅಪ್ಪನ ಕಡೆ ಹೊಂಡ್ತೇನ್ರಿ."